ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಮೆಣಸಿನಕಾಯಿ: ಅವಕಾಶ ವೆಚ್ಚ ಮತ್ತು ಮುಳುಗಿದ ವೆಚ್ಚ

ಬ್ಯಾಡಗಿ ಸುತ್ತಮುತ್ತ ಕೋಲ್ಡ್ ಸ್ಟೋರೇಜ್‌ಗಳು ಬಹಳ. ಒಣಮೆಣಸಿನಕಾಯಿಯನ್ನು ಹೊರಗೆ ಬಹಳ ದಿನ ಇಟ್ಟರೆ ಬಣ್ಣ ಇಳಿಯುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಹಾಗಾಗಿ ರೇಟು ಏರಲಿ ಅಂತ ಕಾಯುವ ರೈತರು ಚೀಲಗಳನ್ನು ಅಲ್ಲಿ ಇಡುತ್ತಾರೆ. ನಮ್ಮ ಕಾಕಾ ಕೂಡ ಒಂದು ವರ್ಷ ಹತ್ತು ಕ್ವಿಂಟಲ್ ಇಟ್ಟಿದ್ದರು. ಮಾರ್ಚ್‌ನಲ್ಲಿ ವ್ಯಾಪಾರಿಗಳು ಕ್ವಿಂಟಲ್‌ಗೆ 20,000 ರೂಪಾಯಿಗೆ ಕೇಳಿದ್ದರು, ಕಾಕಾ ಕೊಡಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ರೇಟು 18,000ಕ್ಕೆ ಬಂತು. (ಲೆಕ್ಕ ಸುಲಭ ಆಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.)

"ಕಾಕಾ, ಈಗರೆ ಮಾರ್ತೀರೇನು?" ಅಂತ ಕೇಳಿದೆ.

"ಇಪ್ಪತ್ತಕ್ಕ ಕೊಡಲಿಲ್ಲ, ಈಗ ಹದಿನೆಂಟಕ್ಕ ಹ್ಯಾಂಗ ಕೊಡ್ಲಿ? ಆರು ತಿಂಗಳು ಕಾದೀನಿ. ಅದೆಲ್ಲಾ ಸುಮ್ನ ಹೋಗಬೇಕೇನು?"

ಅರ್ಥಶಾಸ್ತ್ರದ ಎರಡು ಪದಗಳು ಈ ಒಂದೇ ಮಾತಿನಲ್ಲಿ ಕೂತಿವೆ.

ಮೊದಲನೆಯದು ಅವಕಾಶ ವೆಚ್ಚ. ಒಂದು ದಾರಿ ಹಿಡಿದಾಗ ಬೇರೆ ದಾರಿಗಳನ್ನು ಬಿಡುತ್ತೇವೆ, ಅಲ್ವಾ? ಹಾಗೆ ಬಿಟ್ಟವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದಿತ್ತೋ, ಅದರಿಂದ ಬರಬಹುದಾಗಿದ್ದ ಲಾಭವೇ ಅವಕಾಶ ವೆಚ್ಚ. ಬಿಟ್ಟ ಎಲ್ಲವನ್ನೂ ಕೂಡಿಸುವ ಹಾಗಿಲ್ಲ. ಒಂದೇ ರೊಕ್ಕದಿಂದ ಸಾಲ ತೀರಿಸಿ, ಎಮ್ಮೆ ತಂದು, ಬಂಗಾರವನ್ನೂ ಕೊಳ್ಳಲು ಆಗುವುದಿಲ್ಲವಲ್ಲ. ಈ ವಿಚಾರವನ್ನು ಅರ್ಥಶಾಸ್ತ್ರದಲ್ಲಿ ಬೆಳೆಸಿದವರಲ್ಲಿ ಪ್ರಮುಖರು ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಫ್ರೀಡ್ರಿಕ್ ಫಾನ್ ವೀಸರ್. ನನಗೆ ಕೇಳಿದರೆ ಕನ್ನಡದಲ್ಲಿ 'ಬಿಟ್ಟದ್ದರ ಬೆಲೆ' ಎಂದರೆ ಇನ್ನೂ ಬೇಗ ತಿಳಿಯುತ್ತದೆ.

ಕಾಕಾ ಮಾರ್ಚ್‌ನಲ್ಲಿ ಮಾರಿದ್ದರೆ ಕೈಗೆ 2 ಲಕ್ಷ ಬರುತ್ತಿತ್ತು. ಅವರ ಮೇಲೆ ಅಷ್ಟೇ ಮೊತ್ತದ ಕೈಗಡ ಇತ್ತು, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ. ಸಾಲ ತೀರಿಸಿದ್ದರೆ ತಿಂಗಳಿಗೆ 4,000, ಆರು ತಿಂಗಳಿಗೆ 24,000 ರೂಪಾಯಿ ಉಳಿಯುತ್ತಿತ್ತು. ಅಂದರೆ ಸೆಪ್ಟೆಂಬರ್‌ನಲ್ಲಿ ಬಾಡಿಗೆ ಬಿಟ್ಟು ಕ್ವಿಂಟಲ್‌ಗೆ 22,400 ಸಿಕ್ಕಿದ್ದರೆ ಮಾತ್ರ ಕಾದದ್ದು ಸರಿಸಮ ಆಗುತ್ತಿತ್ತು. ಕಾಕಾ ಬಾಡಿಗೆಯನ್ನು ಪೈಸೆ ಪೈಸೆ ಲೆಕ್ಕ ಇಟ್ಟಿದ್ದರು. ಬಡ್ಡಿಯನ್ನು ಮಾತ್ರ ಮೆಣಸಿನಕಾಯಿ ಲೆಕ್ಕಕ್ಕೆ ಸೇರಿಸಿರಲಿಲ್ಲ. ಅದು ಬೇರೆ ವಿಷಯ, ಇದು ಬೇರೆ ವಿಷಯ ಅಂತಲೇ ಅವರ ತಲೆಯಲ್ಲಿತ್ತು.

ಈ ವೆಚ್ಚದ ತೊಂದರೆಯೇ ಇದು. ಇದಕ್ಕೆ ಯಾರೂ ರಸೀದಿ ಕೊಡುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲ್‌ನಲ್ಲಿ ಒಬ್ಬರಿಗೆ ಸ್ವಂತ ಮಳಿಗೆ ಇದೆ ಅಂದುಕೊಳ್ಳಿ. 'ನಮಗೆ ಬಾಡಿಗೆ ಇಲ್ಲ, ಬಂದದ್ದೆಲ್ಲ ಲಾಭ' ಅನ್ನುತ್ತಾರೆ. ಆದರೆ ಅದೇ ಮಳಿಗೆಯನ್ನು ಬೇರೆಯವರಿಗೆ ಕೊಟ್ಟರೆ ತಿಂಗಳಿಗೆ 15,000 ಬರುವುದಾದರೆ, ಅವರ ವ್ಯಾಪಾರದ ಮೇಲೆ ಪ್ರತಿ ತಿಂಗಳೂ ಆ 15,000 ಖರ್ಚು ಬಿದ್ದ ಹಾಗೆಯೇ. ಸ್ವಂತ ಹೊಲದ ಲಾವಣಿ (ಗೇಣಿ), ಮನೆ ಮಂದಿ ಹೊಲದಲ್ಲಿ ದುಡಿದ ಕೂಲಿ, ಇವೂ ಹಾಗೆಯೇ. ಹೆಣ್ಣುಮಕ್ಕಳು ಬೇರೆ ಹೊಲಕ್ಕೆ ಹೋಗಿದ್ದರೆ ಬರುತ್ತಿದ್ದ ಕೂಲಿಯನ್ನು ಎಷ್ಟು ಮನೆಗಳಲ್ಲಿ ಬರೆದಿಡುತ್ತಾರೆ? ಅವರ ದುಡಿಮೆಗೆ ಬೆಲೆಯೇ ಇಲ್ಲ ಅನ್ನುವ ಹಾಗೆ ಲಾಭ ನಷ್ಟ ಎಣಿಸುತ್ತೇವೆ. ಇದು ನನಗೆ ಬಹಳ ಬೇಸರ ತರುವ ಸಂಗತಿ.

ಎರಡನೆಯ ಪದ ಮುಳುಗಿದ ವೆಚ್ಚ. ಈಗಾಗಲೇ ಖರ್ಚಾಗಿರುವ, ಇನ್ನು ಏನು ಮಾಡಿದರೂ ವಾಪಸ್ ಬಾರದ ಹಣ, ಸಮಯ, ಶ್ರಮ. ನಮ್ಮ ಕಡೆ 'ಹೋದ ರೊಕ್ಕ' ಅನ್ನುತ್ತೇವೆ. ಮುಂದಿನ ನಿರ್ಧಾರದಲ್ಲಿ ಇದಕ್ಕೆ ಜಾಗ ಇಲ್ಲ. ಯಾಕೆಂದರೆ ಯಾವ ದಾರಿ ಹಿಡಿದರೂ ಅದು ಹೋದದ್ದೇ.

ಕಾಕಾ ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಇವತ್ತು ಮಾರಿದರೆ 1,80,000. ಡಿಸೆಂಬರ್ ತನಕ ಕಾದರೆ ಆ ಹಣದ ಮೇಲೆ ಮೂರು ತಿಂಗಳ ಬಡ್ಡಿ 10,800. ಡಿಸೆಂಬರ್‌ನಲ್ಲಿ ಕ್ವಿಂಟಲ್‌ಗೆ 19,080ಕ್ಕಿಂತ ಜಾಸ್ತಿ ಸಿಗುತ್ತದೆ ಅನ್ನಲು ಏನಾದರೂ ಕಾರಣ ಇದೆಯಾ? ಬಾಡಿಗೆ ತಿಂಗಳ ಲೆಕ್ಕದ್ದಾದರೆ ಮುಂದಿನ ಮೂರು ತಿಂಗಳದ್ದನ್ನು ಇದಕ್ಕೆ ಸೇರಿಸಬೇಕು. ಇಡೀ ವರ್ಷಕ್ಕೆ ಮೊದಲೇ ಕಟ್ಟಿಯಾಗಿದ್ದರೆ ಸೇರಿಸಬಾರದು. ಮಾರ್ಚ್‌ನ 20,000 ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಆ ವರ್ಷ ಮಳೆ ಕೈಕೊಟ್ಟು ಹೊಸ ಬೆಳೆ ಕಡಿಮೆ ಅಂತ ಕಂಡರೆ ಕಾಯುವುದೇ ಸರಿ ಇರಬಹುದು. ಆದರೆ ಕಾಯಲು ಕಾರಣ ಮುಂದಿನ ಮಳೆ ಬೆಳೆ ಆಗಬೇಕು. ಹಿಂದೆ ಕಾದ ಆರು ತಿಂಗಳು ಕಾರಣ ಆಗಬಾರದು.

ಕಾಕಾ ದಡ್ಡರಲ್ಲ. ಎಲ್ಲರೂ ಹೀಗೇ ಮಾಡುತ್ತೇವೆ. ಹಾಲ್ ಆರ್ಕಿಸ್ ಮತ್ತು ಕ್ಯಾಥರಿನ್ ಬ್ಲೂಮರ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ನಾಟಕಗಳಿಗೆ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಅಂದರೆ 15 ಡಾಲರ್‌ಗೆ ಟಿಕೆಟ್ ಕೊಟ್ಟರು. ಕೆಲವರಿಗೆ 2 ಡಾಲರ್, ಇನ್ನು ಕೆಲವರಿಗೆ 7 ಡಾಲರ್ ರಿಯಾಯಿತಿ ಸಿಕ್ಕಿತು. ನಾಟಕ ಒಂದೇ, ಕುರ್ಚಿ ಒಂದೇ. ಆದರೂ ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರು ಹೆಚ್ಚು ನಾಟಕ ನೋಡಿದರು. ಕೊಟ್ಟ ಹಣ ದಂಡ ಆಗಬಾರದು ಅನ್ನುವ ಭಾವನೆ ಅಷ್ಟು ಬಲವಾದದ್ದು. ನಮ್ಮ ಮನೆಗಳಲ್ಲಿ ತಾಟಿನಲ್ಲಿ ಅನ್ನದ ಅಗುಳು ಬಿಟ್ಟರೂ ಬೈಸಿಕೊಂಡು ಬೆಳೆಯುತ್ತೇವೆ. ದಂಡ ಮಾಡಬಾರದು ಅನ್ನುವುದು ಒಳ್ಳೆಯ ಗುಣವೇ. ಆದರೆ ಅದು ಹೋದ ರೊಕ್ಕದ ಬೆನ್ನು ಹತ್ತಿದಾಗ ಇದ್ದದ್ದನ್ನೂ ದಂಡ ಮಾಡಿಸುತ್ತದೆ.

ಬೋರ್‌ವೆಲ್ ಕೊರೆಸುವಾಗ ಇದು ಕಣ್ಣಿಗೆ ಕಾಣುತ್ತದೆ. ನಾನೂರು ಅಡಿ ಆಯಿತು, ನೀರಿಲ್ಲ. 'ಇಷ್ಟು ಹಾಕಿದ್ದೀವಿ, ಇನ್ನೊಂದು ನೂರು ಅಡಿ ಹೊಡಿರಿ' ಅನ್ನುತ್ತೇವೆ. ಆಳ ಹೆಚ್ಚಿದ ಹಾಗೆ ಅಡಿಯ ರೇಟೂ ಏರುತ್ತದೆ. ಮೇಲಿನ ನಾನೂರು ಅಡಿಗೆ ಕೊಟ್ಟ ಹಣ ಕೆಳಗಿನ ಕಲ್ಲಿಗೆ ಗೊತ್ತಿಲ್ಲ. ಮುಂದಿನ ನೂರು ಅಡಿಯಲ್ಲಿ ನೀರು ಸಿಗುವ ಲಕ್ಷಣ ಇದೆಯಾ, ಅಕ್ಕಪಕ್ಕದ ಹೊಲಗಳಲ್ಲಿ ಎಷ್ಟಕ್ಕೆ ಬಿದ್ದಿದೆ, ಇಷ್ಟನ್ನೇ ಕೇಳಬೇಕು. ಹಾಗೆಯೇ, ಕೇಸಿಂಗ್ ಪೈಪು ಕಿತ್ತು ಬೇರೆ ಕಡೆ ಬಳಸಲು ಬರುವುದಾದರೆ ಅಷ್ಟು ಹಣ ಮುಳುಗಿಲ್ಲ.

ಎಲ್ಲಕ್ಕಿಂತ ಕಷ್ಟ ವಯಸ್ಸನ್ನು ಖರ್ಚು ಮಾಡಿದಾಗ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವ ಮಕ್ಕಳನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಮ್ಮ ತಮ್ಮನ ಮಗಳೂ ನಾಲ್ಕು ವರ್ಷದಿಂದ ಅಲ್ಲಿದ್ದಾಳೆ. ಹೋದ ದೀಪಾವಳಿಗೆ ಬಂದಾಗ "ನಾಲ್ಕು ವರ್ಷ ಓದೀನಿ ದೊಡ್ಡಪ್ಪ, ಈಗ ಬಿಟ್ರ ಎಲ್ಲಾ ನೀರಾಗ ಹೋಮ ಮಾಡಿದಂಗ" ಅಂದಳು. ಆ ನಾಲ್ಕು ವರ್ಷ ಮುಳುಗಿದ ವೆಚ್ಚ, ನಿಜ. ಆದರೆ ಕಲಿತದ್ದು ಮುಳುಗಿಲ್ಲ, ಅದು ಅವಳ ಹತ್ತಿರವೇ ಇದೆ. ಐದನೆಯ ವರ್ಷದ ಬೆಲೆ ಬರೀ ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು ಅಲ್ಲ. ಆ ವರ್ಷ ಅವಳು ದುಡಿಯಬಹುದಾಗಿದ್ದ ಸಂಬಳವೂ ಅದರಲ್ಲಿ ಸೇರಬೇಕು. ಇಬ್ಬರೂ ಕೂತು ಒಂದು ಹಾಳೆಯ ಮೇಲೆ ಬರೆದೆವು: ಮುಂದಿನ ನೇಮಕಾತಿಗಳು ಯಾವುವು, ವಯಸ್ಸಿನ ಮಿತಿ ಎಷ್ಟು, ಕಳೆದ ಸಲ ಎಷ್ಟು ಅಂಕ ಕಡಿಮೆ ಬಿತ್ತು. ಹಿಂದಿನ ನಾಲ್ಕು ವರ್ಷವನ್ನು ಬರೆಯಲಿಲ್ಲ. ಕಳೆದ ಸಲ ತಪ್ಪಿದ್ದು ಎರಡೇ ಅಂಕದಲ್ಲಿ. ಇನ್ನೊಂದು ಸಲ ಬರೆಯುತ್ತೇನೆ ಅಂದಳು. ಈಗ ಬೆಳಿಗ್ಗೆ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಮಧ್ಯಾಹ್ನದ ಮೇಲೆ ಓದುತ್ತಾಳೆ.