ಟ್ರಿಪ್ ಮೀಟರಿನಲ್ಲಿ ದಶಕ ತಪ್ಪಿದಾಗ

47.8, 47.9, ಆಮೇಲೆ ಮತ್ತೆ 47.0. ಮೂವತ್ತು ವರ್ಷ ಹಳೆಯ ನನ್ನ ಕಾರಿನ ಟ್ರಿಪ್ ಮೀಟರ್, ಅಂದರೆ ಗುಂಡಿ ಒತ್ತಿ ಸೊನ್ನೆ ಮಾಡಿದಲ್ಲಿಂದ ಕಿಲೋಮೀಟರ್ ಎಣಿಸುವ ಮೀಟರ್, ಒಂದು ದಿನ ಹೀಗೆ ಲೆಕ್ಕ ತಪ್ಪಿತು. ಬಲತುದಿಯ ಅಂಕಿ ಸಲೀಸಾಗಿ ತಿರುಗುತ್ತದೆ, ಪಕ್ಕದ ಏಳು ಮಾತ್ರ ಜಗ್ಗುವುದಿಲ್ಲ. ಮೆಕ್ಯಾನಿಕ್ ‘ಕೇಬಲ್ ಹೋಗಿದೆ ಸಾರ್’ ಅಂದರು. ಪಕ್ಕದ ಮನೆಯವರು ನಾಲ್ಕಕ್ಕೆ ಏಳು ಕೂಡಿಸಿ ಹನ್ನೊಂದು, ಅದನ್ನೂ ಕೂಡಿಸಿ ಎರಡು ಮಾಡಿ, ಈ ಸಂಖ್ಯೆ ನಿಮಗೆ ಆಗಿಬರುವುದಿಲ್ಲ, ಗಾಡಿ ಮಾರಿಬಿಡಿ ಅಂದರು. ಓದಿಕೊಂಡವರೇ ಹೀಗೆ ಹೇಳಿದಾಗ ನನಗೆ ನಿಜಕ್ಕೂ ಕಳವಳವಾಗುತ್ತದೆ. ಮೀಟರ್ 47ರಲ್ಲೇ ನಿಂತದ್ದಕ್ಕೆ ಕಾರಣವಿದೆ. ಅದು ಎಳ್ಳುಕಾಳಿಗಿಂತ ಚಿಕ್ಕದು, ಪ್ಲಾಸ್ಟಿಕ್ಕಿನದು, ಬಿಚ್ಚಿ ನೋಡಿದರೆ ಕಣ್ಣಿಗೆ ಕಾಣುವಂಥದ್ದು.

ಕೇಬಲ್ಲಿನ ಮಾತು ಮೊದಲು ಮುಗಿಸೋಣ. ಗೇರ್‌ಬಾಕ್ಸಿನಿಂದ ಬರುವ ಒಂದೇ ಕೇಬಲ್ ವೇಗದ ಮುಳ್ಳನ್ನೂ ಕಿಲೋಮೀಟರ್ ಎಣಿಕೆಯನ್ನೂ ನಡೆಸುತ್ತದೆ. ಮುಳ್ಳಿಗೂ ಕೇಬಲ್ಲಿಗೂ ನಡುವೆ ಹಲ್ಲುಚಕ್ರವೇ ಇಲ್ಲ. ಕೇಬಲ್ ತಿರುಗಿಸುವ ಅಯಸ್ಕಾಂತವು ಮುಳ್ಳು ಅಂಟಿದ ಅಲ್ಯೂಮಿನಿಯಂ ಬಟ್ಟಲೊಂದರಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ತನ್ನು ಹುಟ್ಟಿಸಿ ಆ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ, ತೆಳು ಸ್ಪ್ರಿಂಗ್ ತಡೆಯುತ್ತದೆ; ಜರ್ಮನಿಯ ಓಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಮುಳ್ಳೂ ಏಳುತ್ತಿದೆ, ಬಲತುದಿಯ ಅಂಕಿಯೂ ತಿರುಗುತ್ತಿದೆ ಎಂದ ಮೇಲೆ ಕೇಬಲ್ ಚೆನ್ನಾಗಿಯೇ ಇದೆ. ಕೆಟ್ಟಿರುವುದು ‘ದಶಕ’.

ಪ್ರೈಮರಿ ಶಾಲೆಯಲ್ಲಿ ಕಲಿತದ್ದೇ: ಒಂಬತ್ತಕ್ಕೆ ಒಂದು ಕೂಡಿಸಿ, ಸೊನ್ನೆ ಬರೆದು, ದಶಕ ಒಂದನ್ನು ಎಡಕ್ಕೆ ಕೊಡು. ಇದನ್ನು ಪ್ಲಾಸ್ಟಿಕ್ಕಿಗೆ ಕಲಿಸುವುದು ಹೇಗೆ? ಪ್ರತಿ ಅಂಕಿಚಕ್ರದ ಬಲಮಗ್ಗುಲಲ್ಲಿ ಇಪ್ಪತ್ತು ಹಲ್ಲು, ಎಡಮಗ್ಗುಲಲ್ಲಿ ಎರಡೇ ಹಲ್ಲು. ಎರಡು ಚಕ್ರಗಳ ನಡುವೆ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರ. ಚಕ್ರ ಒಂಬತ್ತರಿಂದ ಸೊನ್ನೆಗೆ ಹೊರಳುವಾಗ ಮಾತ್ರ ಆ ಎರಡು ಹಲ್ಲು ಪಿನಿಯನ್ನಿಗೆ ಸಿಕ್ಕಿ ಅದನ್ನು ಎರಡು ಹಲ್ಲಿನಷ್ಟು ತಿರುಗಿಸುತ್ತವೆ. ಎಡಚಕ್ರದ ಇಪ್ಪತ್ತರಲ್ಲಿ ಎರಡು ಸರಿಯಿತು, ಅಂದರೆ ಹತ್ತರಲ್ಲಿ ಒಂದು ಭಾಗ, ಒಂದು ಅಂಕಿ. ಉಳಿದ ಹೊತ್ತೆಲ್ಲ ಪಿನಿಯನ್ನಿನ ಉದ್ದ ಹಲ್ಲುಗಳು ಚಕ್ರದ ನುಣುಪು ಅಂಚಿಗೆ ಒರಗಿಕೊಂಡು ಬೀಗ ಹಾಕಿದಂತೆ ನಿಂತಿರುತ್ತವೆ. ಊಟದ ಪಂಕ್ತಿಯಲ್ಲಿ ತನ್ನ ಎಲೆಗೆ ಬಡಿಸುವವರು ಬಂದಾಗಷ್ಟೇ ಕೈ ಅಲ್ಲಾಡಿಸುವವನ ಹಾಗೆ. ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ, ಹತ್ತು ಬಿಂದಿಗೆ ತುಂಬುವ ತನಕ ಸುಮ್ಮನಿದ್ದು, ತುಂಬಿದ ಕೂಡಲೇ ಗೋಡೆಯ ಮೇಲೆ ಒಂದು ಗೆರೆ ಎಳೆಯುವವಳ ಹಾಗೆ.

ಈ ಉಪಾಯಕ್ಕೆ ಎರಡು ಸಾವಿರ ವರ್ಷ ವಯಸ್ಸು. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ವಿವರಿಸಿದ ಗಾಡಿಯ ಚಕ್ರದ ಸುತ್ತಳತೆ 12.5 ಅಡಿ. ಚಕ್ರದ ಗುಂಬದಲ್ಲಿ ಒಂದೇ ಹಲ್ಲು, ಅದು ತಳ್ಳುವ ಇನ್ನೊಂದು ಚಕ್ರಕ್ಕೆ 400 ಹಲ್ಲು. ನಾನೂರು ಸುತ್ತಿಗೆ 5000 ಅಡಿ, ಒಂದು ರೋಮನ್ ಮೈಲಿ. ಆಗ ಒಂದು ಕಲ್ಲುಹರಳು ಕಂಚಿನ ಪಾತ್ರೆಗೆ ಠಣ್ ಎಂದು ಬೀಳುತ್ತಿತ್ತು. ಆಮೇಲೆ 1642ರಲ್ಲಿ ಹತ್ತೊಂಬತ್ತರ ಹುಡುಗ ಬ್ಲೇಸ್ ಪ್ಯಾಸ್ಕಲ್ ಕೂಡುವ ಯಂತ್ರ ಕಟ್ಟಲು ಕೂತ. ಅವನು ಒಂದು ತೊಡಕನ್ನು ಸರಿಯಾಗಿ ಕಂಡುಕೊಂಡಿದ್ದ. 999ಕ್ಕೆ ಒಂದು ಕೂಡಿಸಿದರೆ ಎಲ್ಲ ಚಕ್ರಗಳೂ ಒಟ್ಟಿಗೆ ತಿರುಗಬೇಕು, ಅಷ್ಟೂ ಭಾರ ಮೊದಲ ಚಕ್ರದ ಮೇಲೆ ಬೀಳುತ್ತದೆ. ಅದಕ್ಕೇ ಅವನು ಪ್ರತಿ ಚಕ್ರಕ್ಕೂ ಭಾರದ ಸನ್ನೆಗೋಲೊಂದನ್ನು ಜೋಡಿಸಿದ. ಅಂಕಿ ಏರುತ್ತಾ ಸನ್ನೆಯೂ ಮೇಲೇರಿ, ದಶಕ ಕೊಡುವಾಗ ಕೆಳಗೆ ಬಿದ್ದು ಪಕ್ಕದ ಚಕ್ರವನ್ನು ತಳ್ಳುತ್ತಿತ್ತು. ನಮ್ಮ ಮೀಟರಿನಲ್ಲಿ ಆ ಸನ್ನೆ ಇಲ್ಲ. 99.9 ಹೊರಳುವ ಕ್ಷಣದಲ್ಲಿ ಇಡೀ ಸಾಲನ್ನು ತಳ್ಳುವುದು ಬಲತುದಿಯ ಆ ಎರಡು ಹಲ್ಲುಗಳೇ.

ನಾನು ಮೀಟರ್ ಬೋರ್ಡ್ ಬಿಚ್ಚಿ ಬಿಳಿ ಪಂಚೆಯ ಮೇಲಿಟ್ಟು ಭೂತಗನ್ನಡಿ ಹಿಡಿದೆ. ಮುಳ್ಳನ್ನೂ ಒಟ್ಟು ಕಿಲೋಮೀಟರಿನ ಸಾಲನ್ನೂ ಮುಟ್ಟಲಿಲ್ಲ. ಆ ಲೆಕ್ಕ ಗಾಡಿಯ ಚರಿತ್ರೆ, ಅದನ್ನು ಬದಲಿಸುವುದು ಮೋಸ. ಮೊದಲ ಪಿನಿಯನ್ನಿನ ಎಂಟು ಹಲ್ಲುಗಳಲ್ಲಿ ಒಂದು ಬುಡಕ್ಕೇ ಮುರಿದಿತ್ತು. ಚಕ್ರದ ಹಲ್ಲು ಬಂದಾಗ ಸಿಕ್ಕಬೇಕಾದಲ್ಲಿ ಬರೀ ಖಾಲಿ ಜಾಗ. ಸಿಕ್ಕದಿದ್ದರೆ ಪಿನಿಯನ್ ತಿರುಗದು, ತಿರುಗದಿದ್ದರೆ ಮುಂದಿನ ಸುತ್ತಿನಲ್ಲೂ ಅದೇ ಖಾಲಿ ಜಾಗವೇ ಎದುರಾಗುತ್ತದೆ. 47ರ ಗುಟ್ಟು ಇಷ್ಟೇ.

ಹಲ್ಲು ಮುರಿದದ್ದು ಏಕೆ? ಗಾಡಿ ಓಡುತ್ತಿರುವಾಗಲೇ ಸೊನ್ನೆ ಮಾಡುವ ಗುಂಡಿ ಒತ್ತುವುದು ಒಂದು ದೊಡ್ಡ ಕಾರಣ. ಗುಂಡಿ ಒತ್ತಿದರೆ ಪಿನಿಯನ್ನುಗಳ ಸಾಲು ಚಕ್ರಗಳಿಂದ ದೂರ ಸರಿಯುತ್ತದೆ. ಪ್ರತಿ ಚಕ್ರಕ್ಕೆ ಅಂಟಿದ ಹೃದಯದಾಕಾರದ ಬಿಲ್ಲೆಯನ್ನು ಒಂದೊಂದು ಪುಟ್ಟ ಸುತ್ತಿಗೆ ಅದುಮುತ್ತದೆ. ಬಿಲ್ಲೆ ಎಲ್ಲೇ ಇದ್ದರೂ, ಬಾಣಲೆಯ ಅಂಚಿಗೆ ಬಿಟ್ಟ ಗೋಲಿ ತಳಕ್ಕೇ ಉರುಳುವಂತೆ, ತನ್ನ ತಗ್ಗು ಸುತ್ತಿಗೆಗೆ ಸಿಗುವ ತನಕ ತಿರುಗಿ ಸೊನ್ನೆಗೆ ಬಂದು ನಿಲ್ಲುತ್ತದೆ. ಗಡಿಯಾರ ಮಾಡುತ್ತಿದ್ದ ಅಡಾಲ್ಫ್ ನಿಕೋಲ್ 1844ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಬೆರಳು ತೆಗೆದಾಗ ಪಿನಿಯನ್ನುಗಳು ಮರಳಿ ಕೂರಬೇಕು. ಗಾಡಿ ಓಡುತ್ತಿದ್ದರೆ ಹಲ್ಲಿನ ತುದಿಗೆ ಹಲ್ಲಿನ ತುದಿ ಬಡಿಯುತ್ತದೆ. ಬಿಸಿಲಲ್ಲಿ ಬೆಂದ ಹಳೆಯ ಪ್ಲಾಸ್ಟಿಕ್ ಆ ಪೆಟ್ಟನ್ನು ತಾಳುವುದಿಲ್ಲ. ದಯವಿಟ್ಟು ಗಾಡಿ ನಿಲ್ಲಿಸಿಯೇ ಒತ್ತಿ.

ಶಿವಾಜಿನಗರದ ಗುಜರಿಯಲ್ಲಿ ಗಾಜು ಒಡೆದ ಅದೇ ಮಾದರಿಯ ಮೀಟರ್ ಸಿಕ್ಕಿತು. ಅದರ ಪಿನಿಯನ್ ತೆಗೆದು, ಎಲ್ಲ ಸೊನ್ನೆಗಳನ್ನೂ ಅಂಕಿ ಕಾಣುವ ಕಿಟಕಿಗೆ ಸಾಲಾಗಿ ತಂದು, ಉದ್ದ ಹಲ್ಲುಗಳು ನುಣುಪು ಅಂಚಿಗೆ ಒರಗುವಂತೆ ಕೂರಿಸಿದೆ. ಪಿನಿಯನ್ ಕೂರುವ ದಂಡಕ್ಕೆ ಗಡಿಯಾರದ ಎಣ್ಣೆ ಸೂಜಿಮೊನೆಯಷ್ಟು. ಫೆವಿಕ್ವಿಕ್ ಕಡೆಗೆ ಕೈ ಹೋಗಲಿಲ್ಲ: ಅದರ ಆವಿ ಡಯಲ್ಲಿನ ಮೇಲೆ ಬಿಳಿ ಪೊರೆ ಹಿಡಿಸುತ್ತದೆ.

ಪರೀಕ್ಷೆಗೆ ಹಳೆಯ ಕೇಬಲ್ಲಿನ ತುಂಡು ಮತ್ತು ಡ್ರಿಲ್. ಜಪಾನಿ ಪದ್ಧತಿಯ ಇಂಥ ಮೀಟರಿಗೆ ಕೇಬಲ್ 637 ಸುತ್ತು ಸುತ್ತಿದರೆ ಒಂದು ಕಿಲೋಮೀಟರ್. ನಿಮಿಷಕ್ಕೆ ಅಷ್ಟು ಸುತ್ತಿಸಿದರೆ ಮುಳ್ಳು 60ಕ್ಕೆ ಬರಬೇಕು. ಬಂತು. 0.9, 1.0. ಮಾರನೇ ದಿನ ಹೆದ್ದಾರಿಯಲ್ಲಿ ತುಮಕೂರು ದಾಟಿ ಸಿರಾ ಕಡೆ ಹೋಗುವಾಗ ಗಾಡಿ ನಿಧಾನಿಸಿದೆ, ಪಕ್ಕದಲ್ಲಿ ಕೂತಿದ್ದ ಮಗಳು ಮೀಟರಿನ ಕಿಟಕಿಯನ್ನೇ ನೋಡುತ್ತಿದ್ದಳು. 099.9ರ ನಾಲ್ಕೂ ಅಂಕಿಗಳು ಒಟ್ಟಿಗೆ ಅರ್ಧ ಎದ್ದು, ಒಂದು ಗಳಿಗೆ ತಡೆದು, ಹೊರಳಿದವು: 100.0. ಅಂದಿನಿಂದ ಗುಂಡಿ ಮುಟ್ಟಿಲ್ಲ. ಈಗ 612.4 ಆಗಿದೆ; 999.9 ಬರುವುದನ್ನು ಅವಳೂ ಕಾಯುತ್ತಿದ್ದಾಳೆ.