ಕಾಯಿಲ್ ಮೇಲೆ ಕಾಯಿಲ್ ಸುಡುತ್ತಿದೆ, ಗೀಸರನ್ನೇ ಬದಲಿಸಬೇಕಾ?

ಪ್ರಶ್ನೆ: ನಾವಿರುವುದು ಚಿಂತಾಮಣಿಯಲ್ಲಿ, ಮನೆಗೆ ಬೋರ್‌ವೆಲ್ ನೀರು. 25 ಲೀಟರಿನ ಗೀಸರ್ ತಗೊಂಡು ನಾಲ್ಕು ವರ್ಷ ಆಯ್ತು, ಅಷ್ಟರಲ್ಲಿ ಮೂರು ಸಲ ಕಾಯಿಲ್ ಹೋಗಿದೆ. ಹೊಸ ಗೀಸರ್ ತಗೋಬೇಕಾ, ಬೇರೆ ಥರದ ಕಾಯಿಲ್ ಹಾಕಿಸಬೇಕಾ, ಇಲ್ಲ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಕೂರಿಸಬೇಕಾ?

ಉತ್ತರ: ಟ್ಯಾಂಕಿನ ಮೈ ಸೋರುತ್ತಿಲ್ಲ ಎಂದಾದರೆ ಹೊಸ ಗೀಸರ್ ಬೇಡ. ನೀವು ಹೇಳುತ್ತಿರುವ ಲೆಕ್ಕ ನೋಡಿದರೆ ಕಾಯಿಲ್ ಸುಡುತ್ತಿರುವುದು ಅದರ ಮೇಲೆ ಕಟ್ಟುವ ಸುಣ್ಣದಿಂದ. ಮೆಕ್ಯಾನಿಕ್ ಬಂದು ಕಾಯಿಲ್ ಬದಲಿಸಿ ಹೋಗುತ್ತಾರೆ, ಟ್ಯಾಂಕಿನ ತಳದ ಸುಣ್ಣ ಅಲ್ಲೇ ಉಳಿಯುತ್ತದೆ, ನೀರು ಎಷ್ಟು ಕಾದಾಗ ಕರೆಂಟ್ ಕಡಿಯಬೇಕೆಂದು ನೋಡುವ ಥರ್ಮೋಸ್ಟಾಟ್ 75 ಡಿಗ್ರಿಯಲ್ಲೇ ಇರುತ್ತದೆ. ಹೀಗೇ ಬಿಟ್ಟರೆ ನಾಲ್ಕನೆಯ ಕಾಯಿಲ್ಲೂ ಅಷ್ಟೇ ದಿನ ಬಾಳುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆಳದ ಬೋರ್‌ಗಳಿಂದ ಬರುವ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಂಡಿರುತ್ತದೆ. ತುಮಕೂರಿನಲ್ಲಿ ಹೇಮಾವತಿ ನೀರು ಬರುವ ಮನೆಯಲ್ಲಿ ವರ್ಷಗಟ್ಟಲೆ ಬಾಳುವ ಕಾಯಿಲ್, ಅದೇ ಊರಿನ ಬೋರ್ ನೀರಿನ ಮನೆಯಲ್ಲಿ ಬೇಗ ಕೈಕೊಡುವುದಕ್ಕೂ ಇದೇ ಕಾರಣ. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ ಗಡಸುತನ, ಅಂದರೆ ಈ ಕ್ಯಾಲ್ಸಿಯಂ-ಮೆಗ್ನೀಷಿಯಂ ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅಂಗಡಿಯವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ಹೇಳುವ ಅಂಕಿ ಗಡಸುತನದ್ದಲ್ಲ. ನೀರಿನಲ್ಲಿ ಕರಗಿದ ಎಲ್ಲ ಲವಣಗಳನ್ನೂ ಅದು ಒಟ್ಟಿಗೆ ಅಂದಾಜು ಮಾಡುತ್ತದೆ. ಗಡಸುತನ ಗೊತ್ತಾಗಬೇಕಾದರೆ ಹನಿ ಹಾಕಿ ಬಣ್ಣ ನೋಡುವ ಹಾರ್ಡ್‌ನೆಸ್ ಕಿಟ್ ಬೇಕು, ಇಲ್ಲವೇ ಲ್ಯಾಬಿಗೆ ಕೊಡಬೇಕು. ಸಾಫ್ಟ್‌ನರ್‌ಗೆ ದುಡ್ಡು ಹಾಕುವ ಮುಂಚೆ ಈ ಒಂದು ಅಂಕಿ ಕೈಯಲ್ಲಿರಲಿ.

ನೀರು ಕಾದಾಗ ಅದರಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಇದು ನೀರಿನಲ್ಲಿ ನಿಲ್ಲುವುದಿಲ್ಲ, ಬಿಸಿ ಎಲ್ಲಿ ಜಾಸ್ತಿಯೋ ಅಲ್ಲೇ ಅಂಟುತ್ತದೆ. ಸೌದೆ ಒಲೆಯ ಹಂಡೆಯ ತಳದಲ್ಲಿ ಬೆಳ್ಳಗೆ ಚಕ್ಕೆ ಕಟ್ಟುತ್ತಿತ್ತಲ್ಲ, ಅದೇ ಪದಾರ್ಥ. ಗೀಸರ್‌ನಲ್ಲಿ ಅತಿ ಬಿಸಿಯಾದ ಜಾಗ ಕಾಯಿಲ್‌ನ ಮೈ. ದಿನಕ್ಕೆ 50 ಲೀಟರ್ ನೀರು ಕಾಯಿಸುತ್ತೀರಿ, ಗಡಸುತನ 600 ಇದೆ ಅಂದುಕೊಳ್ಳಿ. ದಿನಕ್ಕೆ 30 ಗ್ರಾಂ ಗಡಸು ಲವಣ ಗೀಸರ್ ಮೂಲಕ ಹಾದುಹೋಗುತ್ತದೆ. ಅದರಲ್ಲಿ ನೂರಕ್ಕೆ ಐದು ಪಾಲು ಒಳಗೇ ಉಳಿದರೂ ವರ್ಷಕ್ಕೆ ಅರ್ಧ ಕೆ.ಜಿ. ದಾಟುತ್ತದೆ.

ಕಾಯಿಲ್ ಎಂದರೆ ಹೊರಗೆ ಲೋಹದ ಕೊಳವೆ, ಒಳಗೆ ನೈಕ್ರೋಮ್ ತಂತಿ, ನಡುವೆ ಗಟ್ಟಿಯಾಗಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ. ತಂತಿಯ ಶಾಖವನ್ನು ನೀರು ಎಳೆದುಕೊಳ್ಳುತ್ತಿರುವಷ್ಟು ಕಾಲ ಅದು ಸುರಕ್ಷಿತ. ಕೊಳವೆಯ ಮೇಲೆ ಸುಣ್ಣ ದಪ್ಪವಾದರೆ ಶಾಖ ಬೇಗ ಹೊರಗೆ ಹೋಗುವುದಿಲ್ಲ. ತಂತಿ ಸಹಿಸಲಾರದಷ್ಟು ಕಾದು ತುಂಡಾಗುತ್ತದೆ, ಇಲ್ಲವೇ ಕೊಳವೆ ಸೀಳಿ ನೀರು ಪುಡಿಯೊಳಗೆ ನುಗ್ಗುತ್ತದೆ. ಎರಡನೆಯದು ಅಪಾಯದ್ದು, ಏಕೆಂದರೆ ಆಗ ಕರೆಂಟ್ ನೇರ ನೀರಿಗೆ ಬರುತ್ತದೆ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಪೆಟ್ಟಿಗೆ) ಇದ್ದ ಮನೆಯಲ್ಲಿ ಗೀಸರ್ ಹಾಕಿದೊಡನೆ ಟ್ರಿಪ್ ಆಗುವುದು ಹೆಚ್ಚಾಗಿ ಇದರಿಂದ. ಟ್ರಿಪ್ ಆಗುತ್ತಿದೆ ಅಂತ ಆರ್‌ಸಿಸಿಬಿ ತೆಗೆಸಿ ನೇರ ಕೊಡುವವರಿದ್ದಾರೆ. ದಯವಿಟ್ಟು ಯಾರಿಂದಲೂ ಹಾಗೆ ಮಾಡಿಸಬೇಡಿ, ಸ್ನಾನದ ಮನೆಯಲ್ಲಿ ಜೀವ ಉಳಿಸುವುದು ಆ ಪೆಟ್ಟಿಗೆಯೇ.

ಸುಣ್ಣ ಕಟ್ಟಿದರೆ ನೀರು ನಿಧಾನವಾಗಿ ಕಾಯುತ್ತದೆ, ಬಿಲ್ ಏರುತ್ತದೆ ಎನ್ನುವುದು ಸಾಮಾನ್ಯ ನಂಬಿಕೆ. ಗ್ಯಾಸ್ ಗೀಸರ್‌ಗೆ ಇದು ಸರಿ, ಕರೆಂಟಿನದಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಕಾಯಿಲ್ ಎಳೆದ ಕರೆಂಟೆಲ್ಲ ಕೊನೆಗೆ ನೀರಿಗೇ ಸೇರಬೇಕು, ಬೇರೆ ದಾರಿಯಿಲ್ಲ. 2 ಕಿಲೋವ್ಯಾಟ್ ಕಾಯಿಲ್ 25 ಲೀಟರ್ ನೀರನ್ನು 22 ಡಿಗ್ರಿಯಿಂದ 55ಕ್ಕೆ ತರಲು ಸುಮಾರು ಅರ್ಧ ಗಂಟೆ, ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು. ಇದಕ್ಕಿಂತ ತಡವಾಗುತ್ತಿದ್ದರೆ ಮೊದಲು ವೋಲ್ಟೇಜ್ ನೋಡಿ. 230 ವೋಲ್ಟ್ ಬದಲು 190 ಬರುತ್ತಿದ್ದರೆ ಅದೇ ಕಾಯಿಲ್ 1,365 ವ್ಯಾಟ್ ಮಾತ್ರ ಎಳೆಯುತ್ತದೆ, 40 ನಿಮಿಷ ದಾಟುತ್ತದೆ. ಸುಣ್ಣದ ಗುರುತು ಬೇರೆ: ಗೀಸರ್ ಹಾಕಿದ ಕೆಲವೇ ನಿಮಿಷಕ್ಕೆ ಒಳಗಿನಿಂದ ಚಟಚಟ, ಗೊರಗೊರ ಸದ್ದು, ಬಿಸಿನೀರಿನ ನಲ್ಲಿಯಲ್ಲಿ ಬಿಳಿ ಚೂರು, ಒಂದು ಬಕೆಟ್ ತುಂಬುವಷ್ಟರಲ್ಲಿ ನೀರು ತಣ್ಣಗಾಗುವುದು. ಕೊನೆಯದಕ್ಕೆ ಕಾರಣ ತಳದಲ್ಲಿ ತುಂಬಿದ ಸುಣ್ಣ ನೀರಿನ ಜಾಗ ತಿಂದಿರುವುದು, ಅಥವಾ ಥರ್ಮೋಸ್ಟಾಟ್‌ನ ಕಡ್ಡಿ ಕೂರುವ ಕೊಳವೆ ಕಾಯಿಲ್ ಜೊತೆ ಸುಣ್ಣದಲ್ಲಿ ಅಂಟಿಕೊಂಡು ಬೇಗ ಕಟ್ ಆಗುತ್ತಿರುವುದು.

ಕಾಯಿಲ್ ಹೋಗಿದೆ ಎಂದು ಯಾರಾದರೂ ಹೇಳಿದರೆ ಮಲ್ಟಿಮೀಟರ್ ಹಿಡಿದು ತೋರಿಸಲು ಹೇಳಿ. ಕರೆಂಟ್ ಪೂರ್ತಿ ಬಂದ್ ಮಾಡಿ, ಕಾಯಿಲ್‌ನ ಎರಡು ವೈರ್ ಬಿಚ್ಚಿ, ಎರಡು ತುದಿಗಳ ನಡುವೆ ಅಳೆದರೆ 2 ಕಿಲೋವ್ಯಾಟಿನದಕ್ಕೆ 26 ಓಮ್ ಆಸುಪಾಸು, 3 ಕಿಲೋವ್ಯಾಟಿನದಕ್ಕೆ 17-18 ಓಮ್ ಬರಬೇಕು. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ಆಮೇಲೆ ಒಂದು ತುದಿಗೂ ಕೊಳವೆಯ ಲೋಹಕ್ಕೂ ನಡುವೆ ಅತಿ ಹೆಚ್ಚಿನ ಓಮ್ ರೇಂಜಿನಲ್ಲಿ ಅಳೆಯಿರಿ. ಅಲ್ಲಿ ಅಂಕಿ ಬಂದರೆ ಲೀಕ್. 26 ಓಮ್ ಸರಿಯಾಗಿದ್ದು ಲೀಕ್ ಕೂಡ ಇಲ್ಲದಿದ್ದರೆ ಕಾಯಿಲ್ ಚೆನ್ನಾಗಿದೆ, ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟ್ ಹಾರಿರಬಹುದು. ಅದರ ಪುಟ್ಟ ಬಟನ್ ಒತ್ತಿದರೆ ಮತ್ತೆ ಶುರುವಾಗುತ್ತದೆ. ಪದೇ ಪದೇ ಹಾರಿದರೆ ಥರ್ಮೋಸ್ಟಾಟ್ ಬದಲಿಸಬೇಕು, ಕಟ್‌ಔಟ್ ಅನ್ನು ವೈರ್‌ನಿಂದ ಜೋಡಿಸಿ ದಾಟಿಸುವುದು ಕೂಡದು.

ಈಗ ಕ್ಲೀನಿಂಗ್. ಕರೆಂಟಿನ ಕೆಲಸ ಗೊತ್ತಿರುವವರು ಮಾತ್ರ ಕೈ ಹಾಕಲಿ, ಉಳಿದವರು ಪಕ್ಕದಲ್ಲಿ ನಿಂತು ಒಂದೊಂದು ಹಂತವೂ ಆಗುವಂತೆ ನೋಡಿಕೊಂಡರೆ ಸಾಕು. ಸ್ವಿಚ್ ಅಲ್ಲ, ಮೇನ್ ಬೋರ್ಡಿನ ಎಂಸಿಬಿ ಇಳಿಸಿ. ಫೇಸ್, ನ್ಯೂಟ್ರಲ್ ವೈರ್‌ಗಳು ಅದಲುಬದಲಾಗಿದ್ದರೆ ಸ್ವಿಚ್ ಆಫ್ ಮಾಡಿದರೂ ಕಾಯಿಲ್‌ನಲ್ಲಿ ಕರೆಂಟ್ ಇರುತ್ತದೆ. ಟೆಸ್ಟರ್ ಇಟ್ಟು ನೋಡಿ. ಬಿಸಿನೀರಿನ ನಲ್ಲಿ ಬಿಟ್ಟು ತಣ್ಣೀರು ಬರುವವರೆಗೂ ಹರಿಸಿ, ಆಮೇಲೆ ಒಳಬರುವ ಆಂಗಲ್ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ. ಕೆಳಗಿನ ಮುಚ್ಚಳ ತೆಗೆದರೆ ಫ್ಲಾಂಜ್, ಅಂದರೆ ನಟ್‌ಗಳಿಂದ ಬಿಗಿದ ಲೋಹದ ತಟ್ಟೆ, ಕಾಣುತ್ತದೆ. ವೈರ್ ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೆಳಗೆ ಬಕೆಟ್ ಇಟ್ಟು ನಟ್ ಬಿಚ್ಚಿ, ಉಳಿದಿದ್ದ ಒಂದೆರಡು ಲೀಟರ್ ನೀರು ಸುಣ್ಣದ ಕೆಸರಿನ ಜೊತೆ ಸುರಿಯುತ್ತದೆ. ಬಹುತೇಕ ಮಾಡೆಲ್‌ಗಳಲ್ಲಿ ಕಾಯಿಲ್, ಥರ್ಮೋಸ್ಟಾಟ್ ಕೊಳವೆ, ಮೆಗ್ನೀಷಿಯಂ ರಾಡ್ ಮೂರೂ ಇದೇ ಫ್ಲಾಂಜಿಗೆ ಕೂತಿರುತ್ತವೆ.

ಕಾಯಿಲ್ ಮೇಲಿನ ಸುಣ್ಣಕ್ಕೆ ಸುತ್ತಿಗೆ, ಸ್ಕ್ರೂಡ್ರೈವರ್ ತಾಗಿಸಬೇಡಿ. ಕೊಳವೆಗೆ ಕೂದಲೆಳೆಯಷ್ಟು ಸೀಳು ಬಿದ್ದರೂ ಕೆಲಸ ಕೆಟ್ಟಿತು. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಲೀಟರ್ ಉಗುರುಬೆಚ್ಚನೆಯ ನೀರಿಗೆ 100 ಗ್ರಾಂ ಕರಗಿಸಿ ಪ್ಲಾಸ್ಟಿಕ್ ಬಕೆಟಿನಲ್ಲಿ ಕಾಯಿಲ್ ಮುಳುಗಿಸಿ. ರಾಡನ್ನು ಮೊದಲೇ ಬಿಚ್ಚಿಟ್ಟಿರಿ, ವೈರ್ ಕೂರುವ ತುದಿಗಳು ನೀರಿನಿಂದ ಮೇಲೆ ಒಣಗಿರಲಿ. ಸಣ್ಣಗೆ ನೊರೆ ಬರುತ್ತದೆ. ಎರಡು ಗಂಟೆಯಲ್ಲಿ ಪದರ ಮೆತ್ತಗಾಗಿ ಪ್ಲಾಸ್ಟಿಕ್ ಬ್ರಷ್‌ಗೆ ಬಿಟ್ಟುಬರುತ್ತದೆ, ದಪ್ಪಗಿದ್ದರೆ ಹೊಸ ದ್ರಾವಣದಲ್ಲಿ ಇನ್ನೊಮ್ಮೆ. ಟ್ಯಾಂಕಿನೊಳಗಿನ ಚಕ್ಕೆಗಳನ್ನು ಕೈಯಿಂದಲೇ ತೆಗೆದು, ವಾಲ್ವ್ ಸ್ವಲ್ಪ ಬಿಟ್ಟು ತೊಳೆಯಿರಿ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ. ಅದು ಹೈಡ್ರೋಕ್ಲೋರಿಕ್ ಆಸಿಡ್. ಸುಣ್ಣವನ್ನು ನಿಮಿಷದಲ್ಲಿ ಕರಗಿಸುತ್ತದೆ ನಿಜ, ಜೊತೆಗೆ ಕಾಯಿಲ್‌ನ ಲೇಪನ, ಟ್ಯಾಂಕಿನ ವೆಲ್ಡಿಂಗ್ ಎರಡನ್ನೂ ತಿನ್ನುತ್ತದೆ, ಸ್ಟೀಲಿನಲ್ಲಿ ಸಣ್ಣ ಸಣ್ಣ ತೂತು ಬೀಳಿಸುತ್ತದೆ.

ಮೆಗ್ನೀಷಿಯಂ ರಾಡ್ ಬಗ್ಗೆ ಗಮನ ಕೊಡುವವರು ಕಡಿಮೆ. ಗ್ಲಾಸ್ ಲೈನಿಂಗ್ ಇರುವ ಉಕ್ಕಿನ ಟ್ಯಾಂಕನ್ನು ತುಕ್ಕಿನಿಂದ ಕಾಯುವುದು ಅದೇ: ಮೆಗ್ನೀಷಿಯಂ ಉಕ್ಕಿಗಿಂತ ಬೇಗ ಕರಗುವ ಲೋಹ, ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ಲವಣ ಜಾಸ್ತಿ ಇರುವ ನೀರಿನಲ್ಲಿ ಅದು ಬೇಗ ಸವೆಯುತ್ತದೆ. ಅರ್ಧಕ್ಕಿಂತ ತೆಳುವಾಗಿದ್ದರೆ ಅಥವಾ ನಡುವಿನ ಕಂಬಿ ಕಾಣುತ್ತಿದ್ದರೆ ಬದಲಿಸಿ. ಕಾಯಿಲ್‌ಗೆ ಹೋಲಿಸಿದರೆ ಇದರ ಬೆಲೆ ಹೆಚ್ಚಲ್ಲ, ಆದರೆ ಇದಿಲ್ಲದೆ ಟ್ಯಾಂಕ್ ತೂತಾದರೆ ಗೀಸರ್ ಪೂರ್ತಿ ಗುಜರಿಗೆ. ಹಳೆಯದು ಕರಗಿಹೋಗಿದೆ, ಇನ್ನು ಬೇಕಿಲ್ಲ ಎಂದು ಬೋಲ್ಟ್ ಮುಚ್ಚಿ ಹೋಗುವವರ ಮಾತು ಕೇಳಬೇಡಿ.

ಜೋಡಿಸುವಾಗ ಗ್ಯಾಸ್ಕೆಟ್ ಹೊಸದೇ ಇರಲಿ. ನಟ್‌ಗಳನ್ನು ಒಂದಾದ ಮೇಲೆ ಪಕ್ಕದ್ದು ಬಿಗಿಯದೆ, ಎದುರುಬದುರಿನವನ್ನು ಸ್ವಲ್ಪಸ್ವಲ್ಪವೇ ಬಿಗಿಯಿರಿ, ಇಲ್ಲದಿದ್ದರೆ ಒಂದು ಕಡೆ ಗ್ಯಾಸ್ಕೆಟ್ ಕಚ್ಚಿ ಇನ್ನೊಂದು ಕಡೆ ಸೋರುತ್ತದೆ. ವಾಲ್ವ್ ಬಿಟ್ಟು ಬಿಸಿನೀರಿನ ನಲ್ಲಿ ತೆರೆದಿಡಿ. ಬುಸ್‌ಬುಸ್ ಗಾಳಿ ನಿಂತು ನೀರು ಒಂದೇ ಧಾರೆಯಾಗಿ ಬಂದ ಮೇಲೆಯೇ ಎಂಸಿಬಿ ಎತ್ತಬೇಕು. ನೀರಿಲ್ಲದ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲ್ ಕೂಡಲೇ ಸುಡುತ್ತದೆ. ಮೇಲಿನ ಟ್ಯಾಂಕ್ ಆಗಾಗ ಬರಿದಾಗುವ ನಮ್ಮ ಊರುಗಳಲ್ಲಿ ಇದೂ ಒಂದು ದೊಡ್ಡ ಕಾರಣ, ಒಳಬರುವ ಪೈಪಿನ ಸೇಫ್ಟಿ ವಾಲ್ವ್‌ನಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಭಾಗ ಸರಿಯಿದೆಯೇ ನೋಡಿಸಿ. ಅದೇ ವಾಲ್ವ್ ಗೀಸರ್ ಕಾಯುವಾಗ ತೊಟ್ಟಿಕ್ಕುವುದು ದೋಷವಲ್ಲ. 25 ಲೀಟರ್ ನೀರು 22ರಿಂದ 55 ಡಿಗ್ರಿಗೆ ಕಾದರೆ ಸುಮಾರು 300 ಮಿ.ಲೀ. ಹಿಗ್ಗುತ್ತದೆ, ಅದು ಎಲ್ಲಾದರೂ ಹೋಗಬೇಕು. ಹನಿ ನಿಲ್ಲಿಸಲೆಂದು ಆ ತೂತಿಗೆ ಪ್ಲಗ್ ಹಾಕಿದರೆ ಟ್ಯಾಂಕ್ ಸಿಡಿಯುವ ಅಪಾಯವಿದೆ.

ಇಷ್ಟಾದ ಮೇಲೆ ಥರ್ಮೋಸ್ಟಾಟ್ ಅನ್ನು 50-55 ಡಿಗ್ರಿಗೆ ಇಳಿಸಿ. ಸುಣ್ಣ ಕಟ್ಟುವ ವೇಗ 60 ದಾಟಿದ ಮೇಲೆ ಜೋರಾಗುತ್ತದೆ, ಹಾಗೂ ಸ್ನಾನಕ್ಕೆ 40 ಡಿಗ್ರಿಗೆ ಬೆರೆಸಿಕೊಳ್ಳುವ ನೀರನ್ನು 75ಕ್ಕೆ ಕಾಯಿಸಿ ಪ್ರಯೋಜನವಿಲ್ಲ. ವಾರಗಟ್ಟಲೆ ಊರಿಗೆ ಹೋಗಿ ಬಂದಾಗ ಮಾತ್ರ ನಿಂತ ನೀರನ್ನು ಒಮ್ಮೆ 60 ದಾಟಿಸಿ ಕಾಯಿಸಿ ಹರಿಸಿಬಿಡಿ. ಕಾಯಿಲ್ ಬದಲಿಸಲೇಬೇಕಾದರೆ ತಾಮ್ರದ್ದರ ಬದಲು ಇನ್ಕಾಲಾಯ್ 800 ಎಂಬ ಮಿಶ್ರಲೋಹದ ಕೊಳವೆಯದು, ಐಎಸ್‌ಐ ಗುರುತಿನದು ತನ್ನಿ, ವ್ಯಾಟ್ ಹೆಚ್ಚಿಸಬೇಡಿ. ಅದೇ ಉದ್ದದ ಕಾಯಿಲ್‌ನಲ್ಲಿ 3 ಕಿಲೋವ್ಯಾಟ್ ಎಂದರೆ ಮೈ ಇನ್ನಷ್ಟು ಬಿಸಿ, ಸುಣ್ಣ ಇನ್ನಷ್ಟು. ನಿಮ್ಮ ನೀರಿಗೆ ಕ್ಲೀನಿಂಗ್ ವರ್ಷಕ್ಕೊಮ್ಮೆ, ಚಳಿಗಾಲ ಶುರುವಾಗುವ ಮುಂಚೆ. ಮೊದಲ ವರ್ಷ ಆರು ತಿಂಗಳಿಗೆ ಒಮ್ಮೆ ಬಿಚ್ಚಿ ನೋಡಿದರೆ ನಿಮ್ಮ ಮನೆಯ ವೇಗ ಗೊತ್ತಾಗುತ್ತದೆ.

ಸಾಫ್ಟ್‌ನರ್ ಕೆಲಸ ಮಾಡುತ್ತದೆ, ಆದರೆ ಲೆಕ್ಕ ಹಾಕಿ ತಗೊಳ್ಳಿ. ಅದರೊಳಗೆ ಗಡಸುತನ ಹಿಡಿಯುವುದು ರೆಸಿನ್ ಎಂಬ ಸಣ್ಣ ಮಣಿಗಳು; ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಮನೆಗೆಲ್ಲ ದಿನಕ್ಕೆ 1,000 ಲೀಟರ್, ಗಡಸುತನ 600 ಆದರೆ ದಿನಕ್ಕೆ 600 ಗ್ರಾಂ. 25 ಲೀಟರ್ ರೆಸಿನ್ ಇರುವ ಸಾಫ್ಟ್‌ನರ್‌ಗೆ ಎರಡು ದಿನಕ್ಕೊಮ್ಮೆ ಎರಡೂವರೆಯಿಂದ ಮೂರೂವರೆ ಕೆ.ಜಿ. ಉಪ್ಪು ಕೊಟ್ಟು ತೊಳೆಯಬೇಕು. ಆ ಉಪ್ಪುನೀರನ್ನು ತೆಂಗಿನ ಬುಡಕ್ಕೆ ಬಿಟ್ಟರೆ ಮಣ್ಣು ಕೆಡುತ್ತದೆ. ಗೀಸರ್ ಲೈನಿಗೆ ಮಾತ್ರ ಚಿಕ್ಕದನ್ನು ಹಾಕಿದರೆ ಹೊರೆ ಬಹಳ ಕಡಿಮೆ. ಸಾಫ್ಟ್‌ನರ್ ಹಾಕಿದರೂ ರಾಡ್ ಸವೆಯುವುದು ನಿಲ್ಲುವುದಿಲ್ಲ. ಪೈಪಿಗೆ ಕಟ್ಟುವ ಮ್ಯಾಗ್ನೆಟ್‌ಗಳನ್ನು ನಂಬಿ ದುಡ್ಡು ಹಾಕಬೇಡಿ, ಅವು ನೀರಿನಿಂದ ಕ್ಯಾಲ್ಸಿಯಂ ತೆಗೆಯುವುದಿಲ್ಲ.

ಇದಕ್ಕಿಂತ ಒಳ್ಳೆಯ ದಾರಿ ನಿಮ್ಮ ತಾರಸಿಯ ಮೇಲೇ ಇದೆ. ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. 100 ಚದರ ಮೀಟರ್ ತಾರಸಿ, ವರ್ಷಕ್ಕೆ 700 ಮಿ.ಮೀ. ಮಳೆ, ನೂರಕ್ಕೆ 80 ಪಾಲು ಹಿಡಿದರೂ 56,000 ಲೀಟರ್. ಗೀಸರ್‌ಗೆ ವರ್ಷಕ್ಕೆ ಬೇಕಾದದ್ದು 20,000ದೊಳಗೆ. 5,000 ಲೀಟರಿನ ಸಂಪು ಇದ್ದು, ಮೊದಲ ಮಳೆಯ ಕೊಳೆ ಬಿಟ್ಟು, ಜರಡಿ ಹಾಕಿ ತುಂಬಿಸಿ, ತಾರಸಿಯಲ್ಲಿ 200 ಲೀಟರಿನ ಬೇರೆ ಟ್ಯಾಂಕಿನಿಂದ ಗೀಸರ್‌ಗೆ ಮಾತ್ರ ಪೈಪ್ ಎಳೆದರೆ ಜೂನ್‌ನಿಂದ ಮಾರ್ಚ್‌ವರೆಗೆ ಸುಮಾರಾಗಿ ಸಾಗುತ್ತದೆ. ಬೇಸಿಗೆಯ ಕೊನೆಯಲ್ಲಿ ಬೋರ್ ನೀರಿಗೆ ಬದಲಿಸಲು ಒಂದು ವಾಲ್ವ್ ಇಟ್ಟುಕೊಂಡಿರಿ. ಹೊಸದಾಗಿ ಮನೆ ಕಟ್ಟುತ್ತಿರುವವರಂತೂ ಈ ಪೈಪನ್ನು ಗೋಡೆ ಪ್ಲಾಸ್ಟರ್ ಆಗುವ ಮೊದಲೇ ಹಾಕಿಸಿಬಿಡಲಿ, ಆಮೇಲೆ ಗೋಡೆ ಒಡೆಯುವ ಖರ್ಚು ಉಳಿಯುತ್ತದೆ.

ಗೀಸರ್ ಬದಲಿಸಲೇಬೇಕಾದ ಸಂದರ್ಭ ಒಂದೇ: ಫ್ಲಾಂಜ್, ಪೈಪ್ ಜಾಯಿಂಟ್ ಎಲ್ಲ ಒಣಗಿದ್ದೂ ಹೊರಕವಚದ ಕೆಳಗಿನಿಂದ ತುಕ್ಕುಬಣ್ಣದ ನೀರು ಒಸರುವುದು. ಅದು ಟ್ಯಾಂಕ್ ತೂತಾದ ಗುರುತು. ಎಂ-ಸೀಲ್, ವೆಲ್ಡಿಂಗ್ ಏನೂ ನಿಲ್ಲುವುದಿಲ್ಲ, ವೆಲ್ಡಿಂಗ್ ಬಿಸಿಗೆ ಸುತ್ತಲಿನ ಗ್ಲಾಸ್ ಲೈನಿಂಗ್ ಇನ್ನಷ್ಟು ಉದುರುತ್ತದೆ. ಅಂಥ ಸಂದರ್ಭದಲ್ಲಿ ಕರೆಂಟ್ ತೆಗೆಸಿ, ಹೊಸದನ್ನು ತರುವಾಗ ಅಂಗಡಿಯಲ್ಲಿ ಎರಡು ವಿಷಯ ಕೇಳಿ: ರಾಡ್ ಮತ್ತು ಗ್ಯಾಸ್ಕೆಟ್ ಬಿಡಿಭಾಗವಾಗಿ ನಿಮ್ಮ ಊರಲ್ಲೇ ಸಿಗುತ್ತವೆಯೇ, ಗಡಸು ನೀರಿನಿಂದ ಕಾಯಿಲ್ ಹೋದರೆ ವಾರಂಟಿ ನಿಲ್ಲುತ್ತದೆಯೇ.