ಹಳೇ ಅಕ್ವೇರಿಯಂ: ಗಾಜಿಗಿಂತ ಮೊದಲು ಅಂಟನ್ನು ನೋಡಿ

ಕೊಡಗಿನಲ್ಲಿ ಹಳೇ ಅಕ್ವೇರಿಯಂ ಸಿಗುವುದು ಕಷ್ಟವೇನಲ್ಲ. ಹೋಂಸ್ಟೇ ಮುಚ್ಚುವವರು, ವರ್ಗವಾಗಿ ಊರು ಬಿಡುವವರು, ಮೀನು ಸಾಕುವ ಆಸೆ ತೀರಿದ ಮಕ್ಕಳ ಅಪ್ಪ ಅಮ್ಮ, ಹೀಗೆ ಕೊಡುವವರು ಇದ್ದೇ ಇರುತ್ತಾರೆ. ಕೊಳ್ಳುವವರು ಮೊದಲು ನೋಡುವುದು ಗಾಜು ಫಳಫಳ ಅನ್ನುತ್ತದೆಯೇ ಎಂದು. ಅದನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಗಾಜಿಗೆ ಮುಪ್ಪು ಬರುವುದು ಬಹಳ ನಿಧಾನ. ಅದನ್ನು ಹಿಡಿದಿಟ್ಟ ಅಂಟಿಗೆ ಬೇಗ ಬರುತ್ತದೆ.

ಈಗಿನ ತೊಟ್ಟಿಗೆ ಚೌಕಟ್ಟಿಲ್ಲ. ಐದು ಗಾಜು, ನಡುವೆ ಸಿಲಿಕೋನ್, ಅಷ್ಟೇ. ಸಿಲಿಕೋನ್ ಬರುವ ಮೊದಲು ಲೋಹದ ಚೌಕಟ್ಟಿಗೆ ಪುಟ್ಟಿ ಮೆತ್ತಿ ಗಾಜು ಕೂರಿಸುತ್ತಿದ್ದರು. ಹಳೇ ಎಸ್ಟೇಟ್ ಬಂಗ್ಲೆಯಲ್ಲಿ ಅಂಥದ್ದು ಕಂಡರೆ ಅಂದಕ್ಕೆ ಇಟ್ಟುಕೊಳ್ಳಿ, ನೀರು ತುಂಬಬೇಡಿ. ಪುಟ್ಟಿ ಒಣಗಿ ಬಿರಿದಿರುತ್ತದೆ. ಕೆಲವದರ ಪುಟ್ಟಿಯಲ್ಲಿ ಸೀಸವೂ ಇರುತ್ತಿತ್ತು.

ಗಾಜು ಎಂದರೆ ಮುಖ್ಯವಾಗಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳ ಜಾಲ. ಸಿಲಿಕೋನ್ ಅಂಟಿನ ಬೆನ್ನೆಲುಬೂ ಅವೇ ಎರಡರ ಸರಪಳಿ. ಗಾಳಿಯ ತೇವ ಹೀರಿ ಗಟ್ಟಿಯಾಗುವಾಗ ಅದು ಗಾಜಿನ ಮೈಗೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ. ಆದರೆ ಒಮ್ಮೆ ಗಟ್ಟಿಯಾದ ಮೇಲೆ ಅದರ ಹೊರಮೈಗೆ ಏನೂ ಅಂಟದು, ಹೊಸ ಸಿಲಿಕೋನ್ ಕೂಡ. ಹಳೇ ಅಂಟಿನ ಮೇಲೆ ಹೊಸದನ್ನು ಬಳಿದು ‘ರಿಪೇರಿ ಆಗಿದೆ’ ಎಂದು ಕೊಟ್ಟ ತೊಟ್ಟಿಗಳು ಮತ್ತೆ ಸೋರುವುದು ಇದಕ್ಕೇ.

ತೊಟ್ಟಿಯ ಮೂಲೆಯಲ್ಲಿ ಅಂಟು ಎರಡು ಕಡೆ ಇರುತ್ತದೆ. ಒಳಗಡೆ ಕಣ್ಣಿಗೆ ಕಾಣುವ ದಪ್ಪ ಪಟ್ಟಿ ಒಂದು. ಗಾಜಿಗೂ ಗಾಜಿಗೂ ನಡುವಿನ ತೆಳು ಪದರ ಇನ್ನೊಂದು. ತೊಟ್ಟಿಯನ್ನು ನಿಲ್ಲಿಸಿರುವುದು ಎರಡನೆಯದು. ಅದನ್ನು ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿ. ಒಂದೇ ಬಣ್ಣವಾಗಿದ್ದರೆ ಒಳ್ಳೆಯದು. ಉದ್ದುದ್ದ ಗುಳ್ಳೆ, ಬೆಳ್ಳಗೆ ಬಿಟ್ಟುಕೊಂಡ ಜಾಗ, ಒಳಗೆ ನುಸುಳಿದ ಪಾಚಿ ಕಂಡರೆ ತೊಟ್ಟಿಯನ್ನು ಪೂರ್ತಿ ಬಿಚ್ಚಿ ಅಂಟಿಸಬೇಕು. ಅಷ್ಟು ಕೆಲಸಕ್ಕಿಂತ ಬೇರೆ ತೊಟ್ಟಿ ಹುಡುಕುವುದೇ ಲೇಸು ಅನ್ನುವುದು ನನ್ನ ಅಭಿಪ್ರಾಯ. ಒಳಗಿನ ಪಟ್ಟಿ ಮಾತ್ರ ಹಾಳಾಗಿದ್ದರೆ ಧೈರ್ಯವಾಗಿ ತನ್ನಿ.

ಗಾಜಿನ ದಪ್ಪವನ್ನು ಮೇಲಂಚಿನಲ್ಲಿ ಸ್ಕೇಲ್ ಇಟ್ಟೇ ಅಳೆಯಬಹುದು. ಎಷ್ಟು ದಪ್ಪ ಬೇಕು ಎಂಬುದಕ್ಕೆ ಉದ್ದಕ್ಕಿಂತ ಎತ್ತರ ಮುಖ್ಯ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 40 ಸೆಂ.ಮೀ. ನೀರು ನಿಂತರೆ ಅದು 162 ಲೀಟರ್, ಅಂದರೆ 162 ಕೆ.ಜಿ. ಮುಂದಿನ ಗಾಜಿನ ಮೇಲೆ ಬೀಳುವ ಒಟ್ಟು ಒತ್ತಡದ ಬಲ ಸುಮಾರು 72 ಕೆ.ಜಿ. ತೂಕದಷ್ಟು. ನೀರಿನ ಎತ್ತರ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಈ ಅಳತೆಗೆ 8 ಎಂ.ಎಂ. ಗಾಜಾದರೆ ನಿಶ್ಚಿಂತೆ. 6 ಎಂ.ಎಂ. ಆದರೆ ಮೇಲ್ಭಾಗದಲ್ಲಿ ಅಡ್ಡಪಟ್ಟಿ ಬೇಕೇ ಬೇಕು. ಅದಕ್ಕೂ ತೆಳುವಾಗಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬೇಡ ಅನ್ನಿ.

ಗಾಜು ಒಡೆಯುವುದು ಮೇಲ್ಮೈಯ ಸಣ್ಣ ಬಿರುಕಿನಿಂದ. 1920ರ ದಶಕದ ಆರಂಭದಲ್ಲೇ ಎ. ಎ. ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದನ್ನು ವಿವರಿಸಿದ್ದರು: ಎಳೆತವೆಲ್ಲ ಬಿರುಕಿನ ತುದಿಯಲ್ಲೇ ಒಟ್ಟುಗೂಡುತ್ತದೆ. ಅಂಚಿನಲ್ಲಿ ಚಿಪ್ಪಿನಂತೆ ಎದ್ದ ಚಕ್ಕೆಯನ್ನು ಕ್ಷಮಿಸಬಹುದು. ಅಂಚಿನಿಂದ ಒಳಕ್ಕೆ ಹರಿದ ಗೆರೆಯನ್ನು ಕ್ಷಮಿಸಬಾರದು. ತೊಟ್ಟಿಯ ಅಡಿಗೆ ಥರ್ಮಾಕೋಲ್ ಹಾಳೆ ಹಾಕುವುದರ ಹಿಂದೆಯೂ ಇದೇ ಲೆಕ್ಕ ಇದೆ. ಕೆಳಗೊಂದು ಮರಳಿನ ಕಾಳು ಸಿಕ್ಕಿಕೊಂಡರೂ ಭಾರವೆಲ್ಲ ಅಲ್ಲಿಗೇ ಬೀಳುತ್ತದೆ, ಅಲ್ವಾ?

ಇನ್ನು ಕಲೆಗಳು. ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಗಟ್ಟಿ ಬಿಳಿ ಗೆರೆ ಇದ್ದರೆ ಅದು ಸುಣ್ಣ, ಕ್ಯಾಲ್ಸಿಯಂ ಕಾರ್ಬೊನೇಟ್. ಕೊಡಗಿನ ಬಂಡೆ ಸುಣ್ಣಕಲ್ಲಲ್ಲ, ಮಳೆಯೂ ಜಾಸ್ತಿ, ಹಾಗಾಗಿ ಇಲ್ಲಿನ ತೊರೆ, ಬಾವಿಗಳ ನೀರು ಸಾಮಾನ್ಯವಾಗಿ ಮೆದು. ದಪ್ಪ ಬಿಳಿ ಗೆರೆ ಇದ್ದರೆ ಆ ತೊಟ್ಟಿ ಬಯಲುಸೀಮೆಯ ಬೋರ್‌ವೆಲ್ ನೀರು ಕಂಡಿರಬಹುದು. ಬಿಳಿ ವಿನೆಗರ್‌ನಲ್ಲಿ ಬಟ್ಟೆ ನೆನೆಸಿ ಅಂಟಿಸಿಡಿ, ಗುಳ್ಳೆ ಎದ್ದು ಕರಗುತ್ತದೆ. ಹುಳಿಯೆಂದು ಕಾಚಂಪುಳಿ ಸುರಿಯಬೇಡಿ, ಅದು ಪಂದಿ ಕರಿಗೇ ಇರಲಿ.

ನೀಲಿ ಅಥವಾ ಹಸಿರು ಛಾಯೆಯ ಕಲೆ ಕಂಡರೆ ಮಾತ್ರ ಹುಷಾರು. ಕಾಫಿ, ಮೆಣಸು, ಅಡಿಕೆ ಬೆಳೆಯುವ ಊರಿನಲ್ಲಿ ಬೆಳೆಯ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಇಲ್ಲದ ಮನೆ ಕಡಿಮೆ. ಮೈಲುತುತ್ತು ಮತ್ತು ಸುಣ್ಣ ಕಲಸಿ ಮಾಡುವ ಅದರಲ್ಲಿ ತಾಮ್ರವಿದೆ. ಮೂಲೆಯಲ್ಲಿ ಬಿದ್ದಿದ್ದ ತೊಟ್ಟಿಗೆ ಯಾರಾದರೂ ಅದನ್ನು ಸುರಿದಿಟ್ಟಿರಬಹುದು. ಮೀನಿನ ಕೆಲವು ಔಷಧಿಗಳಲ್ಲೂ ತಾಮ್ರವಿರುತ್ತದೆ. ಬಸವನಹುಳು, ಸಿಗಡಿಗಳು ಅತಿ ಕಡಿಮೆ ತಾಮ್ರಕ್ಕೇ ಸಾಯುತ್ತವೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಅದರ ವಿಷವನ್ನು ಒಂದಿಷ್ಟು ತಡೆಯುತ್ತವೆ. ಮೆದು ನೀರಿನಲ್ಲಿ ಆ ರಕ್ಷಣೆ ಇಲ್ಲ. ಒಳ್ಳೇ ನೀರು ಅಂತ ನಾವು ಹೊಗಳುವ ನೀರಿಗೆ ಇದೊಂದು ತೊಡಕು. ಗಾಜನ್ನು ತೊಳೆದರೆ ತಾಮ್ರ ಹೋಗುತ್ತದೆ. ಹಳೇ ಮರಳು, ಸ್ಪಂಜಿನಲ್ಲಿ ಉಳಿಯುತ್ತದೆ, ಅವನ್ನು ಎಸೆಯಿರಿ. ಹಾಗೇ, ದ್ರಾವಣ ಕಲಸಿದ ಬಕೆಟ್‌ನಲ್ಲಿ ಮೀನಿಗೆ ನೀರು ಹೊರಬೇಡಿ.

ಹಾಳಾದ ಒಳಪಟ್ಟಿಯ ಅಂಟು ತೆಗೆಯಲು ಬ್ಲೇಡ್ ಸಾಕು, ತಾಳ್ಮೆ ಬೇಕು. ಮಧ್ಯದ ತೆಳು ಪದರಕ್ಕೆ ಬ್ಲೇಡ್ ತಾಗದಿರಲಿ. ಕೆರೆದ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಹರಡಿಕೊಂಡರೆ ಗಾಜು ಸ್ವಚ್ಛ, ಮಣಿಯಂತೆ ನಿಂತರೆ ಇನ್ನೂ ಸಿಲಿಕೋನ್ ಉಳಿದಿದೆ. ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಡಿ. ಅಂಗಡಿಯಲ್ಲಿ ಅಕ್ವೇರಿಯಂ ಸಿಲಿಕೋನ್ ಎಂದೇ ಕೇಳಿ. ಬಾತ್‌ರೂಮಿಗೆಂದು ಮಾರುವ, ಬೂಷ್ಟು ತಡೆಯುವ ಟ್ಯೂಬ್ ಬೇಡ, ಅದರಲ್ಲಿರುವ ವಿಷ ಮೀನಿಗೂ ವಿಷ.

ಮಳೆಗಾಲದಲ್ಲಿ ಈ ಕೆಲಸ ಎರಡು ಬಗೆಯಲ್ಲಿ ಆಟ ಆಡಿಸುತ್ತದೆ. ಗಟ್ಟಿಯಾಗಲು ತೇವ ಬೇಕು, ಅದು ಇಲ್ಲಿ ಧಾರಾಳ. ಆದರೆ ಗಾಜಿನ ಮೇಲೆ ತೇವದ ಪೊರೆ ಕೂತಿದ್ದರೆ ಅಂಟು ಹಿಡಿಯುವುದೇ ಇಲ್ಲ. ಕಾಫಿ ಕಣದಲ್ಲಿರುವ ಬಿಸಿಲಿನ ತಿಂಗಳುಗಳೇ ಇದಕ್ಕೆ ಸರಿ. ಸಿಲಿಕೋನ್ ಹೊರಗಿನಿಂದ ಒಳಕ್ಕೆ ದಿನಕ್ಕೆ 2ರಿಂದ 3 ಎಂ.ಎಂ. ಮಾತ್ರ ಗಟ್ಟಿಯಾಗುತ್ತದೆ. ವಿನೆಗರ್ ವಾಸನೆ ಬರುತ್ತಿದ್ದರೆ ಇನ್ನೂ ಮುಗಿದಿಲ್ಲ ಎಂದರ್ಥ, ಅದು ಗಟ್ಟಿಯಾಗುವಾಗ ಬಿಡುಗಡೆಯಾಗುವ ಅಸಿಟಿಕ್ ಆಮ್ಲದ್ದು. ಒಂದು ವಾರ ಬಿಡಿ.

ಸೋರಿಕೆ ಪರೀಕ್ಷೆಯನ್ನು ಹೊರಗೆ, ಸಮತಟ್ಟಾದ ಜಾಗದಲ್ಲಿ, ಪೇಪರ್ ಹಾಸಿ ಮಾಡಿ. ಮೊದಲು ಕಾಲು ಭಾಗ, ಮರುದಿನ ಅರ್ಧ, ಆಮೇಲೆ ಪೂರ್ತಿ. ಜೂನ್, ಜುಲೈನಲ್ಲಿ ಗಾಜೇ ಬೆವರುತ್ತದೆ, ಅದನ್ನು ಸೋರಿಕೆ ಎಂದು ಗಾಬರಿಯಾಗಬೇಡಿ. ಇಡೀ ಮುಖ ಒದ್ದೆಯಾಗಿದ್ದರೆ ಅದು ಗಾಳಿಯ ತೇವ. ಒರೆಸಿದ ಮೇಲೂ ಒಂದೇ ಮೂಲೆಯಿಂದ ಗೆರೆ ಇಳಿದರೆ ಸೋರಿಕೆ.

ನೀರು ನಿಂತಿತು ಎಂದಾದ ಮೇಲೂ ಮೀನಿಗೆ ಅವಸರ ಬೇಡ. ಮೀನಿನ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು 4ರಿಂದ 6 ವಾರ ಬೇಕು. ಈ ಕ್ರಿಯೆ ಆಮ್ಲ ಹುಟ್ಟಿಸುತ್ತದೆ. ಮೆದು ನೀರು ಅದನ್ನು ತಡೆದುಕೊಳ್ಳದೆ ಹುಳಿಯಾಗುತ್ತದೆ. ಫಿಲ್ಟರ್ ಪಕ್ಕ ಒಂದು ಹಿಡಿ ಕಪ್ಪೆಚಿಪ್ಪಿನ ಚೂರು ಹಾಕಿದರೆ ನಿಧಾನಕ್ಕೆ ಕರಗುತ್ತಾ ಸಮಾಧಾನ ಮಾಡುತ್ತದೆ. ಪರಿಚಯದವರ ಮನೆಯಲ್ಲಿ ಆರೋಗ್ಯವಾಗಿ ನಡೆಯುತ್ತಿರುವ ತೊಟ್ಟಿಯಿದ್ದರೆ ಅದರ ಸ್ಪಂಜಿನದೊಂದು ತುಂಡು ಕೇಳಿ, ಒದ್ದೆಯಾಗಿಯೇ ತಂದು ಹಾಕಿ. ಕಾಯುವ ದಿನಗಳು ಸಾಕಷ್ಟು ಕಡಿಮೆಯಾಗುತ್ತವೆ.